ಅಪ್‌ಡೇಟ್: ಟೈಪ್‌ರೈಟರ್ ಸದ್ದು ಕೊನೆಗೂ ಸರಿಹೋಯಿತು

ನನ್ನ ಕಿರುಚಿತ್ರದಲ್ಲಿ ಟೈಪ್‌ರೈಟರ್ ಸದ್ದು ಮೆಷಿನ್‌ಗನ್ ಥರ ಕೇಳಿಸುತ್ತಿದೆ ಅಂತ ಹೋದ ವಾರ ಕೇಳಿದ್ದೆನಲ್ಲ, ಈಗ ಸರಿಹೋಗಿದೆ. ಎಲ್ಲರಿಗೂ ಥ್ಯಾಂಕ್ಸ್.

ರಿವರ್ಬ್ (ಕೋಣೆಯೊಳಗಿನಂಥ ಅನುರಣನ) ಹಾಕಿದರೆ ಸದ್ದು ಇನ್ನೂ ಕಲಸಿಹೋಯಿತು. ಒಂದೇ ಕ್ಲಿಪ್‌ನ ಪಿಚ್ (ಸ್ವರದ ಎತ್ತರ) ಬದಲಿಸಿದ್ದೂ ಸಾಲಲಿಲ್ಲ. ಗೆದ್ದದ್ದು, ಹೊಡೆತಗಳನ್ನು ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿ ಎಂಬ ಸಲಹೆ. ಹಳೇ ಮೆಷಿನ್ ಒಂದನ್ನು ಮರದ ಮೇಜಿನ ಮೇಲಿಟ್ಟು 12 ಕೀ ಹೊಡೆತ ಹಿಡಿದೆ. ಸ್ಪೇಸ್ ಬಾರ್ ಬೇರೆಯಾಗಿಯೇ ಹಿಡಿದೆ. ಅದನ್ನು ಒತ್ತಿದಾಗ ಅಚ್ಚು ಕಾಗದಕ್ಕೆ ಬಡಿಯುವುದೇ ಇಲ್ಲ ಅಲ್ವಾ, ಸದ್ದು ಮೆತ್ತಗೆ.

ಟೈಪ್‌ರೈಟರ್‌ನ ಪುಟ್ಟ ಗಂಟೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಕ್ಯಾರೇಜ್ (ಕಾಗದ ಹಿಡಿದು ಸರಿಯುವ ಭಾಗ) ಎಳೆದ ನಂತರ ಅದರ ಸದ್ದು ಬರುವಂತೆ ಇಟ್ಟಿದ್ದೆ. ನಿಜಕ್ಕೂ ಸಾಲು ಮುಗಿಯಲು ಕೆಲವು ಅಕ್ಷರ ಬಾಕಿ ಇರುವಾಗಲೇ ಗಂಟೆ ‘ಟಿಣ್’ ಅನ್ನುತ್ತದೆ! ಈಗ ಗಂಟೆ, ಆಮೇಲೆ ನಾಲ್ಕು ಹೊಡೆತ, ಆಮೇಲೆ ಕ್ಯಾರೇಜಿನ ‘ಝರ್’. ದೃಶ್ಯಕ್ಕೆ ಜೀವ ಬಂದಿದೆ.