ಚಿತ್ರ ತೆಗೆದರೂ ಲೋಕ ಉಳಿಯುವಂತೆ ಎಲೆಯಾಟವನ್ನು ಕಟ್ಟುವುದು ಹೇಗೆ?

ಪ್ರಶ್ನೆ: ಎಡೆದೊರೆಯವ, ಗಂಗಾವತಿ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಇಬ್ಬರು ಗೆಳೆಯರು ಎಂಟು ತಿಂಗಳಿಂದ ಒಂದು ಎಲೆಯಾಟವನ್ನು ಕಟ್ಟುತ್ತಿದ್ದೇವೆ. (ಎಲೆ ಎಂದರೆ ಇಸ್ಪೀಟು, ಇಸ್ಪೀಟು ಎಂದರೆ ಜೂಜು ಎಂದು ನಮ್ಮ ಮನೆಗಳಲ್ಲಿ ಹಿರಿಯರು ಹುಬ್ಬು ಗಂಟಿಕ್ಕುವುದರಿಂದ, ಇದರಲ್ಲಿ ಹಣದ ಮಾತೇ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.) ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ನಾಡಿಗೆ ಎಡೆದೊರೆ ಎಂಬ ಹಳೆಯ ಹೆಸರಿದೆಯಲ್ಲವೇ? ನಮ್ಮ ಕಲ್ಪಿತ ಲೋಕಕ್ಕೂ ಅದನ್ನೇ ಇಟ್ಟಿದ್ದೇವೆ. ಆನೆಗೊಂದಿಯ ಸುತ್ತ ಕಾಣುವಂತಹ ಬಂಡೆಗಳ ರಾಶಿಗೆ ಅಲ್ಲಿ ಜೀವವಿದೆ, ಬೆಟ್ಟಗಳಲ್ಲಿ ವಾನರರ ಅರಸೊತ್ತಿಗೆಯಿದೆ, ಎರಡೂ ಹೊಳೆಗಳ ಆಚೆಯಿಂದ ದಂಡು ಬರುತ್ತದೆ, ಮತ್ತು ಹೊಳೆಯ ದೇವತೆ ವರ್ಷದಲ್ಲಿ ಎಂಟು ತಿಂಗಳು ನಿದ್ರಿಸುತ್ತಾಳೆ. ಗೆಳೆಯನೊಬ್ಬ ಕಿನ್ನಾಳದ ಗೊಂಬೆಗಳ ಬಣ್ಣಗಾರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಎಂಬತ್ತು ಎಲೆಗಳಿಗೂ ಚಿತ್ರ ಬರೆದಿದ್ದಾನೆ.

ನಿಯಮಗಳು ಮಾತ್ರ ಬೇರೆ ಆಟಗಳಲ್ಲಿ ಕಂಡವೇ. ಪ್ರತಿ ಸರದಿಗೂ ಆಟಗಾರನ ಶಕ್ತಿ ಒಂದೊಂದು ಅಂಕ ಹೆಚ್ಚುತ್ತದೆ, ಆ ಶಕ್ತಿಯನ್ನು ವ್ಯಯಿಸಿ ಎಲೆ ಇಳಿಸಬೇಕು, ಇಳಿಸಿದ ಎಲೆಗಳು ಎದುರಾಳಿಯ 20 ಪ್ರಾಣಾಂಕಗಳನ್ನು ಕಡಿಯುತ್ತಾ ಹೋಗುತ್ತವೆ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಚಿತ್ರ ಅಂಟಿಸಿ, ಕಳೆದ ಭಾನುವಾರ ಕೊಪ್ಪಳದಲ್ಲಿ ಗೆಳೆಯನ ಮನೆಯಲ್ಲಿ ಆಡಲು ಕುಳಿತೆವು. ಮೂರನೆಯ ಸುತ್ತು ಮುಗಿಯುವ ಹೊತ್ತಿಗೆ, ಅಲ್ಲಿಯವರೆಗೆ ನನ್ನನ್ನು ಸೋಲಿಸುತ್ತಲೇ ಬಂದಿದ್ದ ನನ್ನ ತಂಗಿ ಎಲೆಯೊಂದರ ಚಿತ್ರದ ಮೇಲೆ ಹೆಬ್ಬೆರಳನ್ನಿಟ್ಟು ಮುಚ್ಚಿ, "ಅಣ್ಣಾ, ಆಟ ಚಲೋ ಐತಿ, ಆದ್ರ ಇದರಾಗ ಹೊಳಿ ಎಲ್ಲೈತಿ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಅದೇ ನಿಯಮಗಳಿಗೆ ಬಾಹ್ಯಾಕಾಶದ ಚಿತ್ರಗಳನ್ನು ಅಂಟಿಸಿದ್ದರೂ ಆಟದಲ್ಲಿ ಏನೂ ಬದಲಾಗುತ್ತಿರಲಿಲ್ಲ. ಹೆಸರಾಂತ ಆಟಗಳು ತಮ್ಮ ಲೋಕವನ್ನು ನಿಯಮದೊಳಕ್ಕೆ ತಂದದ್ದು ಹೇಗೆ? ನಾವು ಎಲ್ಲಿಂದ ಆರಂಭಿಸಬೇಕು?

ಉತ್ತರ 1: ಕೋಟೆಗುಡ್ಡದ ಆಟಗಾರ, ಬಳ್ಳಾರಿ

ಸರ್, ನಿಮ್ಮ ತಂಗಿ ಹೆಬ್ಬೆರಳಿಟ್ಟದ್ದು ಸರಿಯಾದ ಜಾಗದಲ್ಲಿಯೇ. ಚಿತ್ರವನ್ನೂ ಹೆಸರನ್ನೂ ಮುಚ್ಚಿದ ಮೇಲೆ, ಕೈ ಮಾಡುವ ಕೆಲಸದಿಂದಲೇ ಇದು ಎಂಥ ಲೋಕವೆಂದು ಊಹಿಸಲು ಸಾಧ್ಯವೇ ಎಂಬುದನ್ನು ನಾನು ಪ್ರತಿಯೊಂದು ಆಟದಲ್ಲಿಯೂ ನೋಡುತ್ತೇನೆ. ರಿಚರ್ಡ್ ಗಾರ್ಫೀಲ್ಡ್ ರೂಪಿಸಿ 1993ರಲ್ಲಿ ಹೊರಬಂದ 'ಮ್ಯಾಜಿಕ್: ದ ಗ್ಯಾದರಿಂಗ್' ಆಟದಲ್ಲಿ ಮಂತ್ರ ಹಾಕಲು ಬೇಕಾದ ಶಕ್ತಿ ಬರುವುದು ನೆಲದಿಂದ. ಬಯಲು, ದ್ವೀಪ, ಜೌಗು, ಬೆಟ್ಟ, ಕಾಡು ಎಂಬ ಐದು ಬಗೆಯ ನೆಲದ ಎಲೆಗಳು ಐದು ಬಣ್ಣಗಳ ಶಕ್ತಿಯನ್ನು ಕೊಡುತ್ತವೆ. ಆದ್ದರಿಂದ ಕಾಡಿನ ಮಾಂತ್ರಿಕ ಮತ್ತು ಜೌಗಿನ ಮಾಂತ್ರಿಕ ಎಂಬ ಭೇದ ಅಲ್ಲಿ ಬರಿಯ ವೇಷಭೂಷಣದ್ದಲ್ಲ, ಅವರ ಕಟ್ಟಿನಲ್ಲಿರುವ ಎಲೆಗಳೇ ಬೇರೆ, ಅವರು ಸೋಲುವ ರೀತಿಯೇ ಬೇರೆ.

ಇದಕ್ಕಿಂತ ಚೆನ್ನಾದ ಉದಾಹರಣೆ ಅದೇ ಆಟಕ್ಕೆ 2011ರಲ್ಲಿ ಬಂದ 'ಇನ್ನಿಸ್ಟ್ರಾಡ್' ಎಂಬ ಕಂತು. ಅದು ರಾತ್ರಿಯಾದರೆ ಊರೇ ಬಾಗಿಲು ಹಾಕಿಕೊಂಡು ನಡುಗುವ ಲೋಕ. ಅಲ್ಲಿನ ತೋಳಮಾನವರ ಎಲೆಗಳಿಗೆ ಬೆನ್ನೇ ಇಲ್ಲ, ಎರಡು ಕಡೆಯೂ ಮುಖ: ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ತೋಳ. ಒಂದು ಸರದಿಯಲ್ಲಿ ಯಾರೂ ಯಾವ ಮಂತ್ರವನ್ನೂ ಹಾಕದಿದ್ದರೆ ಮುಂದಿನ ಸರದಿಯ ಆರಂಭದಲ್ಲಿ ಎಲೆಯನ್ನು ತಿರುವಿ ಹಾಕಬೇಕು, ಮನುಷ್ಯ ತೋಳನಾಗುತ್ತಾನೆ. ಒಬ್ಬನೇ ಆಟಗಾರ ಒಂದೇ ಸರದಿಯಲ್ಲಿ ಎರಡು ಮಂತ್ರ ಹಾಕಿದರೆ ಮತ್ತೆ ಮನುಷ್ಯನಾಗುತ್ತಾನೆ. ಅಂದರೆ ಮೌನವೇ ಅಲ್ಲಿ ಕತ್ತಲು. ಎದುರಿಗೆ ತೋಳಮಾನವನಿರುವಾಗ ಕೈಯಲ್ಲಿ ಒಂದೇ ಒಂದು ಎಲೆ ಉಳಿದಿರುವವನು ಅದನ್ನು ಈಗ ಹಾಕಬೇಕೋ, ಉಳಿಸಿಕೊಳ್ಳಬೇಕೋ ಎಂದು ಒದ್ದಾಡುವುದಿದೆಯಲ್ಲ, ಆ ಒದ್ದಾಟ ಬಾಗಿಲು ಹಾಕಿಕೊಂಡು ಕುಳಿತ ಹಳ್ಳಿಗನದೇ. ನಾನು ಮೊದಲ ಸಲ ಆಡಿದಾಗ ಚಿತ್ರವನ್ನು ಸರಿಯಾಗಿ ನೋಡಿರಲೇ ಇಲ್ಲ, ಆದರೂ ಹೆದರಿದ್ದೆ.

ಇನ್ನೊಂದು ಉದಾಹರಣೆಯೆಂದರೆ 'ಲೆಜೆಂಡ್ ಆಫ್ ದ ಫೈವ್ ರಿಂಗ್ಸ್' ಆಟದ 2017ರ ಆವೃತ್ತಿ. ಅದು ಸಮುರಾಯ್ ಯೋಧರಂಥವರ, ಮಾನವೇ ಪ್ರಾಣವಾಗಿರುವ ಲೋಕ. ಪಾತ್ರವನ್ನು ಕಣಕ್ಕೆ ಇಳಿಸುವಾಗಲೇ ಅದರ ಮೇಲೆ ಎಷ್ಟು 'ವಿಧಿ'ಯ ಬಿಲ್ಲೆಗಳನ್ನು ಇಡಬೇಕೆಂದು ನಿರ್ಧರಿಸಬೇಕು. ಸುತ್ತಿಗೊಂದರಂತೆ ಅವು ತೀರುತ್ತವೆ, ತೀರಿದ ಮೇಲೆ ಎಂತಹ ವೀರನಾದರೂ ಹೊರಡಲೇಬೇಕು. ಹೆಚ್ಚು ಎಲೆ ಎತ್ತಬೇಕೆಂದು ಹೆಚ್ಚು ಕೂಗಿದವನು, ಕಡಿಮೆ ಕೂಗಿದ ಎದುರಾಳಿಗೆ ಆ ವ್ಯತ್ಯಾಸದಷ್ಟು ಮಾನವನ್ನು ಕೊಡಬೇಕು, ಮಾನ ಸೊನ್ನೆಗೆ ಇಳಿದರೆ ಸೋಲು. ದುರಾಸೆಗೆ ಆ ಲೋಕದಲ್ಲಿ ತೆರುವ ಬೆಲೆ ಯಾವುದು ಎಂಬುದನ್ನು ನಿಯಮವೇ ಹೇಳುತ್ತದೆ.

ಈಗ ನಿಮ್ಮ ಆಟಕ್ಕೆ ಬರೋಣ. ಸರದಿಗೊಂದು ಅಂಕದಂತೆ ಶಕ್ತಿ ತಪ್ಪದೆ ಹೆಚ್ಚುತ್ತದೆ ಎಂದಿದ್ದೀರಿ. ಹಾಗಾದರೆ ನಿಮ್ಮ ಎಡೆದೊರೆಯಲ್ಲಿ ಎಂದೂ ಬರವಿಲ್ಲ, ದೇವತೆ ಎಂಟು ತಿಂಗಳು ನಿದ್ರಿಸುವುದೂ ಸುಳ್ಳು. ನಿಮ್ಮ ಚಿತ್ರ ಒಂದು ಮಾತು ಹೇಳುತ್ತಿದ್ದರೆ ನಿಯಮ ಅದನ್ನು ಅಲ್ಲಗಳೆಯುತ್ತಿದೆ. ಬೇರೆ ಯಾವುದಕ್ಕೂ ಕೈ ಹಾಕುವ ಮೊದಲು, ಆ ಲೋಕದವರಿಗೆ ಯಾವುದು ಸಾಲದಾಗುತ್ತದೆ, ಯಾವುದಕ್ಕಾಗಿ ಅವರು ಜಗಳವಾಡುತ್ತಾರೆ ಎಂಬುದನ್ನು ಗೊತ್ತುಮಾಡಿಕೊಳ್ಳಿ.

ಉತ್ತರ 2: ಕೆಳಗಾಲುವೆ, ಮಾನ್ವಿ

ನಾನು ಮೇಲಿನವರು ಹೇಳಿದ ಆಟಗಳಲ್ಲಿ ಒಂದನ್ನೂ ಆಡಿದವನಲ್ಲ, ರಮ್ಮಿ ಬಿಟ್ಟರೆ ಬೇರೆ ಗೊತ್ತಿಲ್ಲ. ಆದರೆ ಎರಡು ಹೊಳೆಗಳ ನಡುವೆ ಯಾವುದು ಸಾಲದಾಗುತ್ತದೆ ಎಂದು ನಮ್ಮ ಕಡೆಯವರನ್ನು ಕೇಳುವ ಅಗತ್ಯವೇ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನಲ್ಲಿ ನಮ್ಮ ಹೊಲವಿದೆ. ಜಲಾಶಯ ತುಂಬಿತೆಂಬ ಸುದ್ದಿ ಬಂದ ದಿನ ಮೇಲ್ಭಾಗದವರು ಭತ್ತದ ಸಸಿ ಮಡಿಗೆ ಇಳಿದರೆ, ನಾವು ತೂಬಿನ ಬಳಿ ಕುಳಿತು ನೀರು ಎಲ್ಲಿಯವರೆಗೆ ಬಂತು ಎಂದು ಫೋನಿನಲ್ಲಿ ವಿಚಾರಿಸುತ್ತಿರುತ್ತೇವೆ.

ಆದ್ದರಿಂದ ನಿಮ್ಮ ಶಕ್ತಿಯ ಅಂಕಗಳನ್ನು ತೆಗೆದುಹಾಕಿ, ಅದರ ಬದಲು ನೀರನ್ನು ಇಡಿ. ಹುಣಸೆಬೀಜಗಳು ಸಾಕು. ಪ್ರತಿ ಸುತ್ತಿನ ಆರಂಭದಲ್ಲಿ ಮಳೆಯ ಎಲೆಯೊಂದನ್ನು ಎತ್ತಿ, ಅದರಲ್ಲಿ ಎಷ್ಟು ಬರೆದಿದೆಯೋ ಅಷ್ಟು ಬೀಜಗಳನ್ನು ಕಾಲುವೆಯ ಮೇಲ್ತುದಿಯಲ್ಲಿ ಕುಳಿತವನ ಮುಂದೆ ಸುರಿಯಿರಿ. ಅವನು ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಮುಂದಿನವನಿಗೆ ದಾಟಿಸಲಿ, ಕೊನೆಯವನಿಗೆ ಬಂದಷ್ಟು ಬರಲಿ. ಕೋಟೆ ಗೆಲ್ಲುವುದೆಂದರೆ ಎದುರಾಳಿಯ ಪ್ರಾಣಾಂಕ ಕಡಿಯುವುದಲ್ಲ, ಕಾಲುವೆಯಲ್ಲಿ ಒಂದು ಪೀಠ ಮೇಲಕ್ಕೆ ಏರುವುದು.

ಮೇಲಿನವನು ಎಲ್ಲವನ್ನೂ ಬಾಚಿಕೊಂಡರೆ ಆಟವೇ ಕೆಡುತ್ತದೆಯಲ್ಲ ಎಂದು ನೀವು ಕೇಳಬಹುದು. ಅದಕ್ಕೂ ನೆಲದಲ್ಲಿಯೇ ಉತ್ತರವಿದೆ. ಕಪ್ಪು ಭೂಮಿಗೆ ಮಿತಿಮೀರಿ ನೀರು ಹಾಯಿಸಿದರೆ, ನೀರು ಬಸಿಯದೆ ನಿಂತು, ಉಪ್ಪು ಮೇಲೆದ್ದು, ಹೊಲ ಸವಳು-ಜವಳಾಗುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹಾಗೆ ಕೆಟ್ಟ ಹೊಲಗಳನ್ನು ನೀವೂ ನೋಡಿರುತ್ತೀರಿ. ಸುತ್ತಿನ ಕೊನೆಯಲ್ಲಿ ಖರ್ಚಾಗದೆ ಉಳಿದ ಪ್ರತಿ ಎರಡು ಬೀಜಗಳಿಗೆ ಒಂದು ಹೊಲದ ಎಲೆಯನ್ನು ಮಗುಚಿ ಹಾಕಬೇಕು ಎಂಬ ನಿಯಮವಿಟ್ಟು ನೋಡಿ. ಬಾಚಿಕೊಳ್ಳುವವನು ತಾನಾಗಿಯೇ ಲೆಕ್ಕ ಹಾಕತೊಡಗುತ್ತಾನೆ.

ಉತ್ತರ 3: ಗಂಜೀಫಾ ಪ್ರಿಯೆ, ರಾಯಚೂರು

ಕೆಳಗಾಲುವೆಯವರ ಸಲಹೆ ನನಗೆ ತುಂಬ ಹಿಡಿಸಿತು, ಆದರೆ ಅದರ ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಲೋಕಕ್ಕೆ ಹೊಂದಬೇಕೆಂದು ಹೊರಟವರು ತೂಬಿಗೊಂದು ನಿಯಮ, ಗಾಳಿಗೊಂದು ನಿಯಮ, ಬಂಡೆಗೊಂದು ನಿಯಮ ಸೇರಿಸುತ್ತಾ ಹೋದರೆ, ಕೊನೆಗೆ ಆಟ ನೀರಾವರಿ ಕಚೇರಿಯ ಕಡತದಂತಾಗುತ್ತದೆ. ಲೋಕಕ್ಕೆ ಸರಿಯಾಗಿದ್ದ ಮಾತ್ರಕ್ಕೆ ಆಡಲು ಸುಖವೆಂದೇನೂ ಇಲ್ಲ. ಮ್ಯಾಜಿಕ್ ಆಟದ ನೆಲದ ಎಲೆಗಳನ್ನೇ ನೋಡಿ. 60 ಎಲೆಗಳ ಕಟ್ಟಿನಲ್ಲಿ ಸಾಮಾನ್ಯವಾಗಿ 24ರ ಆಸುಪಾಸು ನೆಲದ ಎಲೆಗಳಿದ್ದರೂ, ಕೆಲವೊಮ್ಮೆ ಅವು ಕೈಗೆ ಬರುವುದೇ ಇಲ್ಲ. ನೆಲವಿಲ್ಲದ ಮಾಂತ್ರಿಕ ಅಸಹಾಯಕನೆಂಬುದು ಆ ಲೋಕದ ಮಟ್ಟಿಗೆ ನ್ಯಾಯವೇ, ಆದರೆ ಕೈತುಂಬ ಎಲೆ ಹಿಡಿದುಕೊಂಡು ಏನೂ ಮಾಡಲಾಗದೆ ಕುಳಿತವನಿಗೆ ಆ ನ್ಯಾಯದಿಂದ ಸಮಾಧಾನವಾಗುವುದಿಲ್ಲ.

ಒಂದೇ ಸಣ್ಣ ನಿಯಮದಲ್ಲಿ ಇಡೀ ಲೋಕವನ್ನು ಹಿಡಿಯಬಹುದು ಎಂಬುದಕ್ಕೆ ನಮ್ಮ ದಶಾವತಾರ ಗಂಜೀಫಾ ಸಾಕ್ಷಿಯಾಗಿದೆ. ದುಂಡನೆಯ 120 ಎಲೆಗಳು, ಹತ್ತು ಅವತಾರಗಳಿಗೆ ಹತ್ತು ಬಣ, ಬಣಕ್ಕೆ ಹನ್ನೆರಡು ಎಲೆ, ಅವುಗಳಲ್ಲಿ ಒಬ್ಬ ರಾಜ, ಒಬ್ಬ ಮಂತ್ರಿ. ಆಟ ಹಗಲಿನಲ್ಲಿ ನಡೆದರೆ ರಾಮನ ಎಲೆ ಇರುವವನು ಮೊದಲು ಇಳಿಯುತ್ತಾನೆ, ರಾತ್ರಿ ನಡೆದರೆ ಕೃಷ್ಣನ ಎಲೆ ಇರುವವನು. ಸೂರ್ಯವಂಶದವನಿಗೆ ಹಗಲು, ನಡುರಾತ್ರಿ ಹುಟ್ಟಿದ ಚಂದ್ರವಂಶದವನಿಗೆ ಇರುಳು. ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ, ಎಲೆ ಹಂಚುವವನು ಕಿಟಕಿಯಾಚೆ ಒಮ್ಮೆ ನೋಡಿದರೆ ಆಯಿತು. ಇನ್ನಿಸ್ಟ್ರಾಡ್ ಕತ್ತಲನ್ನು ನಿಯಮದಿಂದ ಹುಟ್ಟಿಸಿದರೆ, ಇದು ನಿಜವಾದ ಕತ್ತಲನ್ನೇ ಆಟದೊಳಕ್ಕೆ ಕರೆಯುತ್ತದೆ. ನನಗೆ ಎರಡನೆಯದೇ ಹೆಚ್ಚು ಇಷ್ಟ, ಪಕ್ಷಪಾತವೆಂದರೂ ಸರಿ.

ನಿಮ್ಮ ಲೋಕಕ್ಕೆ ನೀರಿನ ಜೊತೆಗೆ ಇನ್ನೊಂದೇ ಒಂದು ನಿಯಮ ಸೇರಿಸುವುದಾದರೆ ಅದು ಹೊಳೆ ದಾಟುವುದರ ನಿಯಮವಾಗಿರಲಿ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ, ಇಸ್ಮಾಯಿಲ್ ಆದಿಲ್ ಶಾಹ ಅದನ್ನು ಬಿಡಿಸಲು ತನ್ನ ದಂಡಿನೊಂದಿಗೆ ಕೃಷ್ಣೆಯನ್ನು ದಾಟಿ ಈಚೆಗೆ ಬಂದ. ಸೋತು ಹಿಮ್ಮೆಟ್ಟುವಾಗ ಆ ಹೊಳೆಯೇ ಅವನ ದಂಡಿಗೆ ಮೃತ್ಯುವಾಯಿತು. ಇದನ್ನು ನಿಯಮವಾಗಿಸುವುದು ಸುಲಭ: ಹೊಳೆ ದಾಟಿದ ಎಲೆಯ ಬಲ ಎರಡರಷ್ಟಾಗಲಿ, ಆದರೆ ಅದು ಎಂದಿಗೂ ಕೈಗೆ ಮರಳದಿರಲಿ, ಸೋತರೆ ಅದರೊಂದಿಗೆ ದಾಟಿದ ಎಲ್ಲ ಎಲೆಗಳೂ ಹೋಗಲಿ. ವಾನರರು, ಜೀವವಿರುವ ಬಂಡೆಗಳು ಇತ್ಯಾದಿ ಸದ್ಯಕ್ಕೆ ಚಿತ್ರವಾಗಿಯೇ ಇದ್ದರೆ ನಷ್ಟವೇನಿಲ್ಲ.

ಮರುಬರಹ: ಎಡೆದೊರೆಯವ, ಗಂಗಾವತಿ

ಮೂವರಿಗೂ ಕೃತಜ್ಞತೆಗಳು. ಶಕ್ತಿಯ ಅಂಕಗಳನ್ನು ಕೈಬಿಟ್ಟು, ಹುಣಸೆಬೀಜದ ನಿಯಮ ಮತ್ತು ಹೊಳೆ ದಾಟುವ ನಿಯಮ ಇವೆರಡನ್ನೇ ಇಟ್ಟುಕೊಂಡು ನಿನ್ನೆ ನಾಲ್ವರು ಆಡಿದೆವು. ಮೊದಲ ಸುತ್ತಿನಲ್ಲಿ ಮೇಲ್ತುದಿಯಲ್ಲಿದ್ದ ಚಿತ್ರಕಾರ ಗೆಳೆಯ ಹನ್ನೆರಡರಲ್ಲಿ ಒಂಬತ್ತು ಬೀಜಗಳನ್ನು ಎಳೆದುಕೊಂಡ, ಐದನ್ನು ಖರ್ಚು ಮಾಡಲಾಗದೆ ಎರಡು ಹೊಲಗಳನ್ನು ಜವಳಿಗೆ ಕಳೆದುಕೊಂಡ. ಕೊನೆಯಲ್ಲಿ ಕುಳಿತಿದ್ದ ನನ್ನ ತಂಗಿಗೆ ಎರಡು ಸುತ್ತುಗಳಲ್ಲಿ ಒಂದು ಬೀಜವೂ ತಲುಪಲಿಲ್ಲ. ಮೂರನೆಯ ಸುತ್ತಿನಲ್ಲಿ ಅವಳು ತನ್ನ ಪಕ್ಕದವನಿಗೆ, ಅಂದರೆ ನನಗೆ, "ಮೂರು ಬೀಜ ಬಿಡು, ಇಲ್ಲಾಂದ್ರ ನಾಳಿ ನಿನ್ನ ಕೋಟಿಗೆ ಬರ್ತೀನಿ" ಎಂದಳು. ಬೆದರಿಸಬಹುದು, ಒಪ್ಪಂದ ಮಾಡಿಕೊಳ್ಳಬಹುದು ಎಂದು ನಾವು ಎಲ್ಲಿಯೂ ಬರೆದಿರಲಿಲ್ಲ. ನಾನು ಎರಡು ಬಿಟ್ಟೆ, ಅವಳು ಬಂದೇ ಬಂದಳು.

ಉಳಿದಿರುವ ತೊಡಕು ಒಂದೇ. ಇಬ್ಬರೇ ಆಡುವಾಗ ಕಾಲುವೆಗೆ ಮೇಲು-ಕೆಳಗು ಬಿಟ್ಟರೆ ಬೇರೇನೂ ಇರುವುದಿಲ್ಲ, ಆಟ ಎರಡೇ ಸುತ್ತುಗಳಲ್ಲಿ ಇತ್ಯರ್ಥವಾಗಿಬಿಡುತ್ತದೆ.

ಉತ್ತರ 4: ಕೆಳಗಾಲುವೆ, ಮಾನ್ವಿ

ಇಬ್ಬರ ನಡುವೆ ಒಂದು ಖಾಲಿ ಪೀಠವನ್ನಿಡಿ, ತಮ್ಮಾ. ದಾಟಿಸಿದ ಪ್ರತಿ ನಾಲ್ಕು ಬೀಜಗಳಲ್ಲಿ ಒಂದು ಅಲ್ಲಿಯೇ ಉಳಿಯಲಿ, ಅದು ದಾರಿಯಲ್ಲಿ ಸೋರಿಹೋಗುವ ನೀರು. ಮೂರು ಸುತ್ತುಗಳ ನಂತರ ಅಲ್ಲಿ ಗುಡ್ಡೆಯಾದ ಬೀಜಗಳನ್ನೆಲ್ಲ, ಕಾಲುವೆ ದುರಸ್ತಿಗೆಂದು ಒಂದು ಎಲೆಯನ್ನು ಬಿಟ್ಟುಕೊಡಲು ಮೊದಲು ಒಪ್ಪಿದವನು ತೆಗೆದುಕೊಳ್ಳಲಿ. ನಮ್ಮಲ್ಲಿ ಯಾರೂ ಮೊದಲು ಒಪ್ಪುವುದಿಲ್ಲ, ನಿಮ್ಮ ತಂಗಿ ಏನು ಮಾಡುತ್ತಾಳೋ ನೋಡಿ ಬರೆಯಿರಿ.