ಅಪೆಂಡಿಕ್ಸ್ ತೆಗೆದಾಯ್ತು, ಬಯಾಪ್ಸಿಲಿ ಕ್ಯಾನ್ಸರ್ ಅಂತ ಬಂದಿದೆ, ಈಗ ಏನ್ ಮಾಡೋದು?

ಹಾಸನದ ಹುಡ್ಗ:
ಎಲ್ರಿಗೂ ನಮಸ್ಕಾರ. ಅಮ್ಮಂಗೆ 58 ವರ್ಷ, ಹೋದ್ ತಿಂಗ್ಳು ಹೊಟ್ಟೆನೋವು ಅಂತ ಅಡ್ಮಿಟ್ ಮಾಡಿದ್ವಿ, ಅಪೆಂಡಿಕ್ಸ್ ಅಂದ್ರು, ಲ್ಯಾಪರೋಸ್ಕೋಪಿಲಿ ತೆಗೆದ್ರು, ಮೂರನೇ ದಿನಕ್ಕೆ ಮನೆಗ್ ಬಂದು ಗಂಜಿ ಕುಡ್ಕೊಂಡು ಆರಾಮಾಗೇ ಇದ್ರು. ಹೊಲಿಗೆ ತೆಗ್ಸೋಕ್ ಹೋದಾಗ ಬಯಾಪ್ಸಿ ರಿಪೋರ್ಟ್ ಕೈಗಿಟ್ರು, ಮ್ಯುಸಿನಸ್ ಅಡಿನೋಕಾರ್ಸಿನೋಮಾ ಅಂತೆ, ಅಂದ್ರೆ ಲೋಳೆ ಸುರಿಸೋ ಥರದ ಕ್ಯಾನ್ಸರ್. ಒಬ್ಬ ಡಾಕ್ಟ್ರು ದೊಡ್ಡಕರುಳಿನ ಬಲಭಾಗ ತೆಗೀಬೇಕು ಅಂತಾರೆ, ಇನ್ನೊಬ್ರು ಮೊದ್ಲು ಕೀಮೋ ಅಂತಾರೆ. ಅಪೆಂಡಿಕ್ಸೇ ಹೋಯ್ತಲ್ಲ, ಮತ್ತೆ ಕರುಳು ಯಾಕೆ?

ಶೋಭಕ್ಕ:
ತಮ್ಮಾ, ಗಾಬರಿ ಆಗ್ಬೇಡ. ನಮ್ಮನೆಯವ್ರಿಗೂ ಹಿಂಗೇ ಗೊತ್ತಾಗಿದ್ದು, ತುಂಬಾ ಜನಕ್ಕೆ ಆಪರೇಷನ್ ಆದ್ಮೇಲೇ ತಿಳಿಯೋದು. ಕರುಳು ಯಾಕೆ ಅಂದ್ರೆ ಅದ್ರ ಪಕ್ಕದ ದುಗ್ಧ ಗಂಟುಗಳಿಗೆ (ಲಿಂಫ್ ನೋಡ್) ಹರಡಿದ್ಯಾ ಅಂತ ತೆಗೆದು ನೋಡ್ಬೇಕು. ಇವ್ರಿಗೆ ಗಂಟಲ್ಲಿ ಸಿಕ್ತು, ಅದಕ್ಕೇ ಆಮೇಲೆ ಆಕ್ಸಾಲಿಪ್ಲಾಟಿನ್ ಇರೋ ಕೀಮೋ ಕೊಟ್ರು. ಆ ಔಷಧಕ್ಕೆ ತಣ್ಣಗಿರೋದು ಆಗಲ್ಲ, ಫ್ರಿಜ್ ಬಾಗ್ಲು ಮುಟ್ಟಿದ್ರೆ ಕೈ ಜುಮ್ ಅನ್ನೋದು, ನೀರೂ ಬೆಚ್ಚಗೇ ಬೇಕು. ಗ್ರೇಡ್, ಅಂದ್ರೆ ಕ್ಯಾನ್ಸರ್ ಕಣ ಎಷ್ಟು ಉಗ್ರ ಅನ್ನೋದು, ಏನು ಅಂತ ಬರ್ದಿದಾರೆ ನೋಡು.

ಲ್ಯಾಬ್ ಮೇಡಂ:
ಅಪೆಂಡಿಕ್ಸ್ ಕ್ಯಾನ್ಸರ್ ಅಂದ್ರೆ ಒಂದೇ ಕಾಯಿಲೆ ಅಲ್ಲ, ಗೊಂದಲ ಆಗೋದೇ ಇಲ್ಲಿ. 1 ಸೆಂಟಿಮೀಟರ್‌ಗಿಂತ ಚಿಕ್ಕ ಕಾರ್ಸಿನಾಯ್ಡ್ (ನಿಧಾನಕ್ಕೆ ಬೆಳೆಯೋ ಒಂದ್ ಥರದ ಗಡ್ಡೆ) ಆದ್ರೆ ಸಾಮಾನ್ಯವಾಗಿ ಅಪೆಂಡಿಕ್ಸ್ ತೆಗೆದ್ರೆ ಸಾಕು. ಲೋ ಗ್ರೇಡ್ ಲೋಳೆ ಗಡ್ಡೆಗೆ ರಕ್ತನಾಳದಲ್ಲಿ ಕೊಡೋ ಕೀಮೋ ಅಷ್ಟಾಗಿ ನಾಟಲ್ಲ. ಅಪೆಂಡಿಕ್ಸ್ ಒಡೆದಿತ್ತಾ ಅನ್ನೋದೂ ಮುಖ್ಯ, ಒಡೆದು ಲೋಳೆ ಹೊಟ್ಟೆ ತುಂಬಾ ಹರಡಿದ್ರೆ ದಾರಿನೇ ಬೇರೆ. ಪ್ಯಾರಾಫಿನ್ ಬ್ಲಾಕು (ತೆಗೆದ ಅಂಗಾಂಶನ ಮೇಣದಲ್ಲಿ ಇಟ್ಟಿರೋದು), ಸ್ಲೈಡು ಎರಡೂ ಇಸ್ಕೊಂಡು ಬೆಂಗಳೂರಿನ ಕಿದ್ವಾಯಿ ಅಥವಾ ಮುಂಬೈ ಟಾಟಾ ಕ್ಯಾನ್ಸರ್ ಆಸ್ಪತ್ರೇಲಿ ಇನ್ನೊಂದ್ಸಲ ಓದ್ಸಿ, ಆಮೇಲೆ ಕೀಮೋನೋ ಕತ್ತರಿನೋ ತೀರ್ಮಾನ ಮಾಡಿ.

ಧಾರವಾಡದಾಂವ:
ನಮ್ಮ ಕಾಕಾಗ ಹೊಟ್ಟಿ ತುಂಬ ಹರಡಿತ್ರಿ, ಹೈಪೆಕ್ ಮಾಡಿದ್ರು. ಕಣ್ಣಿಗೆ ಕಾಣೋ ಗಡ್ಡಿ ಎಲ್ಲಾ ತಗದು, ಆಪರೇಷನ್ ಟೇಬಲ್ ಮ್ಯಾಲೇ 42 ಡಿಗ್ರಿ ಬಿಸಿ ಕೀಮೋ ಔಷಧ ಹೊಟ್ಟಿಯೊಳಗ 90 ನಿಮಿಷ ತಿರುಗಿಸ್ತಾರ. ಮುಂಜಾನೆ ಒಳಗ ಹೋದಾವ್ರು ರಾತ್ರಿ ಹೊರಗ ಬಂದ್ರು, ಊಟ ಸೇರಾಕ ಎರಡ್ ತಿಂಗಳು ಬೇಕಾತು. ಅದ್ರ ಜೋಡಿ ಗುಲ್ಮನೂ (ಸ್ಪ್ಲೀನ್) ತಗಿಯೂದಿದ್ರ ಮೊದಲೇ ನ್ಯುಮೋನಿಯಾ ಲಸಿಕಿ ಹಾಕಿಸ್ರಿ. ಇದನ್ನ ಪದೇಪದೇ ಮಾಡೋ ಸರ್ಜನ್ ಹತ್ರನೇ ಹೋಗ್ರಿ, ಯಾರ್ಯಾರೋ ಮಾಡೋ ಕೆಲಸ ಅಲ್ಲ ಅದು.

ಹಾಸನದ ಹುಡ್ಗ:
ಥ್ಯಾಂಕ್ಸ್ ಎಲ್ರಿಗೂ. ಅಕ್ಕಾ, ರಿಪೋರ್ಟಲ್ಲಿ ಗ್ರೇಡೇ ಬರ್ದಿಲ್ಲ, ಈಗ ನೋಡ್ದೆ. ಒಡೆದಿತ್ತು ಅಂತ ಡಿಸ್ಚಾರ್ಜ್ ಚೀಟಿಲಿ ಇದೆ. ಬ್ಲಾಕ್ ಲ್ಯಾಬಲ್ಲೇ ಇದ್ಯಂತೆ, ಅರ್ಜಿ ಬರ್ಕೊಟ್ರೆ ಶನಿವಾರ ಕೊಡ್ತಾರಂತೆ.