ಪೋಲೊ ಜಿಟಿ ಟಿಎಸ್‌ಐ: ಬಿಸಿಯಾದ ಮೇಲೆ ಬ್ರೇಕ್ ಪೆಡಲ್ ಕೆಳಗೆ ಹೋಗುತ್ತೆ, ನಾಲ್ಕು ಪಿಸ್ಟನ್ ಕಿಟ್ ಹಾಕಿಸಬೇಕಾ?

ಟಿಎಸ್‌ಐ_ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ಕಾರು ಫೋಕ್ಸ್‌ವ್ಯಾಗನ್ ಪೋಲೊ, 1.2 ಟಿಎಸ್‌ಐ (ಟರ್ಬೊ ಪೆಟ್ರೋಲ್) ಡಿಎಸ್‌ಜಿ (ಆಟೊಮ್ಯಾಟಿಕ್ ಗೇರ್), ಸ್ಟೇಜ್ 1 ರಿಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಾವಣೆ) ಆಗಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಟೈರ್ 185/60 ಆರ್15. ತೊಂದರೆ ಎರಡು. ನಾಲ್ಕು ಜನ ಕೂತು ಸಂಡೂರಿನ ಕುಮಾರಸ್ವಾಮಿ ಬೆಟ್ಟ ಇಳಿದರೆ ಕೊನೆಗೆ ಪೆಡಲ್ ಮೆತ್ತಗಾಗಿ ಕೆಳಗಿನವರೆಗೂ ಹೋಗುತ್ತೆ, ಇಪ್ಪತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸರಿ. ಎರಡನೆಯದು, ಸಿರುಗುಪ್ಪ ರಸ್ತೆಯಲ್ಲಿ 90ರ ಮೇಲೆ ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ನಡುಗುತ್ತೆ. ಅಂಗಡಿಯವರು ನಾಲ್ಕು ಪಿಸ್ಟನ್ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ), ತೂತಿರುವ ದೊಡ್ಡ ಡಿಸ್ಕ್, 16 ಇಂಚಿನ ವೀಲ್ ಎಲ್ಲ ಸೇರಿ ಕಿಟ್ ಹೇಳ್ತಿದ್ದಾರೆ. ಹಾಕಿಸಲಾ?

ಗಂಗಾವತಿ_ಪಿಟ್:

ಈಗಲೇ ಬೇಡ. ನೀವು ಹೇಳಿದ ಎರಡೂ ಲಕ್ಷಣಕ್ಕೆ ಕಿಟ್ ಮದ್ದಲ್ಲ.

ಮೊದಲು ಪೆಡಲ್ ಏನು ಹೇಳ್ತಿದೆ ಅಂತ ಕೇಳಿ. ಪೆಡಲ್ ಮೆತ್ತಗಾಗಿ ಕೆಳಗೆ ಹೋದರೆ ಬ್ರೇಕ್ ಆಯಿಲ್ ಕುದ್ದಿದೆ. ಆವಿಯ ಗುಳ್ಳೆ ಒತ್ತಿದರೆ ಕುಗ್ಗುತ್ತೆ, ನಿಮ್ಮ ಕಾಲಿನ ಬಲ ಪಿಸ್ಟನ್‌ಗೆ ತಲುಪುವುದೇ ಇಲ್ಲ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಮೇಲೆ ಬರುತ್ತೆ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿದ್ದೂ ಗಾಡಿ ನಿಲ್ಲದಿದ್ದರೆ ಅದು ಪ್ಯಾಡ್ ಸೋತಿರುವುದು, ಇಲ್ಲವೇ ಬೂಸ್ಟರ್‌ಗೆ (ಕಾಲಿನ ಬಲ ಹೆಚ್ಚಿಸುವ ಭಾಗ) ವ್ಯಾಕ್ಯೂಮ್ ಸಾಲುತ್ತಿಲ್ಲ. ಬೂಸ್ಟರ್ ಪರೀಕ್ಷೆ ಸುಲಭ: ಎಂಜಿನ್ ಆಫ್ ಮಾಡಿ ಐದಾರು ಸಲ ಪೆಡಲ್ ತುಳಿಯಿರಿ, ಕಾಲು ಒತ್ತಿಯೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿದರೆ ಬೂಸ್ಟರ್ ಸರಿಯಿದೆ.

ಬೆಟ್ಟದಲ್ಲೇ ಯಾಕೆ ಹೀಗಾಗುತ್ತೆ ಅಂದರೆ, ಜನ ಸೇರಿ 1,300 ಕೆ.ಜಿ. ಗಾಡಿಯನ್ನು 100 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಲು ಸುಮಾರು 500 ಕಿಲೋಜೂಲ್ ಶಾಖ ಹುಟ್ಟುತ್ತೆ. ಅದೇ ಗಾಡಿ 200 ಮೀಟರ್ ಎತ್ತರ ಇಳಿದರೆ ಸುಮಾರು 2,550 ಕಿಲೋಜೂಲ್. ಅಂದರೆ ನೂರರಿಂದ ಐದು ಸಲ ನಿಲ್ಲಿಸಿದಷ್ಟು! ಎಂಜಿನ್ ಬ್ರೇಕಿಂಗ್ ಇಲ್ಲದೆ ಗೇರ್ ಡಿ (ಡ್ರೈವ್) ನಲ್ಲೇ ಇಟ್ಟು ಇಳಿದರೆ ಬಹುಪಾಲು ಡಿಸ್ಕ್ ಮೇಲೆ ಬೀಳುತ್ತೆ, ಇಳಿಯುವಾಗ ವೇಗ ಕಡಿಮೆ ಇರುವುದರಿಂದ ಗಾಳಿಯೂ ಸಾಲದು. ಡಿಎಸ್‌ಜಿಯನ್ನು ಮ್ಯಾನುಯಲ್‌ಗೆ ಹಾಕಿ ಎರಡನೇ, ಮೂರನೇ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇರಬೇಡಿ, ಒತ್ತಿ ವೇಗ ಇಳಿಸಿ ಪೂರ್ತಿ ಬಿಡಿ.

ಆಯಿಲ್ ಕೊನೆಯ ಸಲ ಯಾವಾಗ ಬದಲಿಸಿದ್ದು? ಡಾಟ್ ಅನ್ನುವುದು ಬ್ರೇಕ್ ಆಯಿಲ್ ದರ್ಜೆ; ಡಾಟ್ 4ರ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ, ನೀರು ಹೀರಿದ ಮೇಲೆ 155 ಡಿಗ್ರಿ. ಡಾಟ್ 5.1ಕ್ಕೆ 260 ಮತ್ತು 180. ಎರಡು ವರ್ಷ ದಾಟಿದ್ದರೆ ಬೇರೇನೂ ಯೋಚಿಸದೆ ಬದಲಿಸಿ. ನಿಮ್ಮ ಗಾಡಿಯಲ್ಲಿ ಇಎಸ್‌ಪಿ (ಗಾಡಿ ಜಾರದಂತೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆ) ಇರುವುದರಿಂದ ತೆಳುವಾದ ಡಾಟ್ 4 ಎಲ್‌ವಿ ಒಳ್ಳೆಯ ಆಯ್ಕೆ. ಅದರಲ್ಲಿ ಕ್ಲಾಸ್ 6 ಅಂತ ಬರೆದಿದ್ದರೆ ಕನಿಷ್ಠ 250 ಮತ್ತು 165. ಪೂರ್ತಿ ಫ್ಲಶ್ ಮಾಡಲು 1 ಲೀಟರ್ ಸೀಲ್ ಇರುವ ಡಬ್ಬಿ ತನ್ನಿ. ಅರ್ಧ ಖಾಲಿಯಾಗಿ ತಿಂಗಳುಗಟ್ಟಲೆ ಶೆಲ್ಫ್ ಮೇಲೆ ಇದ್ದದ್ದು ಬೇಡ. ಡಾಟ್ 5 ಬೇರೆ, ಅದು ಸಿಲಿಕೋನ್. ಇದಕ್ಕೆ ಸುರಿಯಲೇಬಾರದು.

ರಾಯಚೂರು_10ಎಂಎಂ:

ನಡುಕದ ಬಗ್ಗೆ ನಾ ಹೇಳ್ತೀನಿ. ಡಿಸ್ಕ್ ಬೆಂಡಾಗ್ಯದ ಅಂತ ಎಲ್ಲಾರೂ ಹೇಳ್ತಾರ, ಆದರ ಬಹಳ ಸಲ ಹಂಗಿರೂದಿಲ್ಲ. ಡಿಸ್ಕಿನ ದಪ್ಪ ಒಂದೊಂದು ಕಡೆ ಒಂದೊಂದು ಥರ ಆಗಿರ್ತದ, ಇಲ್ಲಾ ಪ್ಯಾಡಿನ ವಸ್ತು ಒಂದೇ ಕಡೆ ಮೆತ್ತಿರ್ತದ. ದಪ್ಪದಾಗ 0.02 ಮಿ.ಮೀ. ಫರಕಿದ್ದರೂ ಕೈಗೆ ಗೊತ್ತಾಗ್ತದ.

ಹೊಸ ಡಿಸ್ಕ್ ತರೂ ಮೊದಲು ಇಷ್ಟು ನೋಡ್ರಿ. ವೀಲ್ ಬಿಚ್ಚಿ, ಡಿಸ್ಕ್ ತೆಗೆದು ಹಬ್ ಮುಖ ನೋಡ್ರಿ. ನಮ್ಮ ಕಡಿ ಅದಿರಿನ ಕೆಂಪು ಧೂಳು ತುಕ್ಕಿನ ಜೋಡಿ ಸೇರಿ ಅಲ್ಲಿ ಪದರ ಕಟ್ತದ. ವೈರ್ ಬ್ರಷ್‌ನಿಂದ ಲೋಹ ಹೊಳೆಯೂತನಕ ತಿಕ್ಕಿ, ಡಿಸ್ಕ್ ಕೂಡಿಸಿ, ಎಲ್ಲಾ ಬೋಲ್ಟ್ ವಾಷರ್ ಹಾಕಿ ಬಿಗಿ ಮಾಡಿ, ಡಯಲ್ ಗೇಜ್ ಹಚ್ಚಿ ಡಿಸ್ಕ್ ತಿರುಗಿಸಿ, ಅಂಚಿನಿಂದ 10 ಮಿ.ಮೀ. ಒಳಗ ಅದು ಎಷ್ಟು ಓಲಾಡ್ತದ ಅಂತ ಅಳೀರಿ. 0.05 ಮಿ.ಮೀ. ಒಳಗ ಬಂದರ ಚಲೋ. ದಪ್ಪ ಅಳೀಲಿಕ್ಕೆ ವರ್ನಿಯರ್ ಬ್ಯಾಡ, ಡಿಸ್ಕಿನ ಅಂಚಿನಾಗ ಎದ್ದ ತುಟಿ ಸುಳ್ಳು ಲೆಕ್ಕ ಕೊಡ್ತದ. ಮೈಕ್ರೋಮೀಟರ್‌ಲೆ ಎಂಟು ಕಡಿ ಅಳೀರಿ. ಕನಿಷ್ಠ ದಪ್ಪ ಡಿಸ್ಕ್ ಮ್ಯಾಲೇ ಕೆತ್ತಿರ್ತಾರ.

ಒಳಗಿನ ಪ್ಯಾಡ್, ಹೊರಗಿನ ಪ್ಯಾಡ್ ಎರಡೂ ಸಮ ಸವೆದಾವೇನು? ಇಲ್ಲಂದ್ರ ಕ್ಯಾಲಿಪರ್ ಪಿನ್ ಹಿಡಿದದ. ಪಿನ್ ರಬ್ಬರ್ ಬುಶ್‌ನಾಗ ಓಡೂ ಥರದ್ದಿದ್ದರ ಗ್ರೀಸ್ ಹಚ್ಚಬ್ಯಾಡ್ರಿ, ಸ್ವಚ್ಛ ಒರೆಸಿ ಒಣಗೇ ಹಾಕ್ರಿ. ಬೂಟ್ ಇರೂ, ಲೋಹದ ತೂತಿನಾಗ ಓಡೂ ಪಿನ್ ಇದ್ದರ ಸಿಲಿಕೋನ್ ಗ್ರೀಸ್. ಬೇರಿಂಗ್ ಗ್ರೀಸ್ ಹಚ್ಚಿದರ ರಬ್ಬರ್ ಉಬ್ಬಿ ಮತ್ತ ಹಿಡೀತದ.

ಇನ್ನೊಂದು, ಬಿಸಿಲಿನಾಗ ಓಡಿಸಿ ಬಂದ ಕೂಡಲೇ ವಾಷಿಂಗಿಗೆ ಬಿಟ್ಟು ಡಿಸ್ಕ್ ಮ್ಯಾಲೆ ನೀರು ಹೊಡೆಸಬ್ಯಾಡ್ರಿ. ಅರ್ಧ ತಾಸು ತಣಿಯಲಿಕ್ಕೆ ಬಿಡ್ರಿ.

ಟಿಎಸ್‌ಐ_ಬಳ್ಳಾರಿ:

ಎಲ್ಲ ಬಿಚ್ಚಿಸಿ ನೋಡಿದೆ. ಆಯಿಲ್ ನಾಲ್ಕು ವರ್ಷ ಹಳೆಯದು, ಚಹಾ ಬಣ್ಣ. ಎಡಗಡೆ ಒಳಪ್ಯಾಡ್ 3 ಮಿ.ಮೀ., ಹೊರಪ್ಯಾಡ್ 7 ಮಿ.ಮೀ. ಡಿಸ್ಕಿನ ಓಲಾಟ ಎಡಗಡೆ 0.12 ಮಿ.ಮೀ. ಇತ್ತು, ಹಬ್ ತಿಕ್ಕಿದ ಮೇಲೆ 0.04. ಡಿಸ್ಕ್ ಕನಿಷ್ಠ ಗುರುತಿಗಿಂತ 1.2 ಮಿ.ಮೀ. ದಪ್ಪ ಇದೆ, ದಪ್ಪದ ಫರಕು 0.01. ಬೂಸ್ಟರ್ ಸರಿ ಇದೆ. ಈಗ ಪ್ಯಾಡ್ ಯಾವುದು? ಮತ್ತು ಕಿಟ್ ಯಾಕೆ ಬೇಡ ಅಂತ ಸ್ವಲ್ಪ ಬಿಡಿಸಿ ಹೇಳಿ.

ಗಂಗಾವತಿ_ಪಿಟ್:

ಈ ಡಿಸ್ಕ್ ಇನ್ನೂ ನಡೆಯುತ್ತೆ. ಎಡಗಡೆ ಪಿನ್, ಬುಶ್ ಸೆಟ್ ಹೊಸದು ಹಾಕಿಸಿ.

ಪ್ಯಾಡ್ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತೆ. ಮೊದಲನೆಯದು ತಣ್ಣಗಿದ್ದಾಗಿನ ಹಿಡಿತ, ಎರಡನೆಯದು ಬಿಸಿಯಾದಾಗಿನದು. ಇ ಅಂದರೆ ಘರ್ಷಣಾಂಕ 0.25ರಿಂದ 0.35, ಎಫ್ 0.35ರಿಂದ 0.45, ಜಿ 0.45ರಿಂದ 0.55. ನಿಮಗೆ ಎಫ್‌ಎಫ್ ಅಥವಾ ಎಫ್‌ಜಿ, ರಸ್ತೆಗೆಂದೇ ಮಾಡಿದ ಪರ್ಫಾರ್ಮೆನ್ಸ್ ಪ್ಯಾಡ್ ಸಾಕು. ರೇಸ್ ಪ್ಯಾಡ್ ಆಸೆ ಬೇಡ. ಅದು ಬಿಸಿಯಾಗದೆ ಕಚ್ಚುವುದಿಲ್ಲ. ಬೆಳಗ್ಗೆ ಮನೆ ಮುಂದೆ ಮಗು ಅಡ್ಡ ಬಂದಾಗ ಬೇಕಾಗಿರುವುದು ತಣ್ಣಗಿನ ಹಿಡಿತ.

ಈಗ ಕಿಟ್ ಲೆಕ್ಕ. ಉದಾಹರಣೆಗೆ ಒಂದೇ ಪಿಸ್ಟನ್ 54 ಮಿ.ಮೀ. ಇದ್ದರೆ ಅದರ ವಿಸ್ತೀರ್ಣ 2,290 ಚದರ ಮಿ.ಮೀ. ಎದುರುಬದುರು ನಾಲ್ಕು ಪಿಸ್ಟನ್‌ನಲ್ಲಿ ಒಂದು ಬದಿಯ ಎರಡನ್ನು ಮಾತ್ರ ಎಣಿಸಬೇಕು. 40 ಮಿ.ಮೀ.ನ ಎರಡು ಅಂದರೆ 2,513. ನಾಲ್ಕು ಪಿಸ್ಟನ್ ಅಂದ ಮಾತ್ರಕ್ಕೆ ನಾಲ್ಕು ಪಟ್ಟು ಅಲ್ಲ, ಹೆಚ್ಚಾದದ್ದು ಶೇ. 10 ಮಾತ್ರ. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ಹಳೆಯದೇ ಆದ್ದರಿಂದ ಪೆಡಲ್ ಅಷ್ಟು ಉದ್ದ ಹೋಗುತ್ತೆ. ಡಿಸ್ಕಿನ ಹಿಡಿತದ ತ್ರಿಜ್ಯವೂ ಶೇ. 10 ಹೆಚ್ಚಾದರೆ ಮುಂದಿನ ಬ್ರೇಕ್ ಒಟ್ಟು ಶೇ. 21 ಜೋರಾಗುತ್ತೆ, ಹಿಂದಿನ ಡ್ರಮ್ ಹಾಗೇ ಉಳಿಯುತ್ತೆ. ಇಬಿಡಿ (ಮುಂದೆ-ಹಿಂದೆ ಬ್ರೇಕ್ ಬಲ ಹಂಚುವ ವ್ಯವಸ್ಥೆ) ಹಿಂದಕ್ಕೆ ಹೋಗುವ ಒತ್ತಡವನ್ನು ತಗ್ಗಿಸಬಲ್ಲದು, ನೀವು ಕೊಟ್ಟದ್ದಕ್ಕಿಂತ ಹೆಚ್ಚಿಸುವುದಿಲ್ಲ. ಹೀಗಾಗಿ ಮುಂದೆ ಬೇಗ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬಡಿಯುತ್ತೆ, ಹಿಂದಿನ ಟೈರ್ ಕೆಲಸವಿಲ್ಲದೆ ಕೂರುತ್ತೆ. ನಿಲ್ಲುವ ದೂರ ಉದ್ದವಾದರೂ ಆಶ್ಚರ್ಯವಿಲ್ಲ.

ತಣ್ಣಗಿರುವಾಗ ಖಾಲಿ ರಸ್ತೆಯಲ್ಲಿ 60ರಿಂದ ಜೋರಾಗಿ ಒತ್ತಿದರೆ ಎಬಿಎಸ್ ಬಡಿಯುತ್ತದಾ? ಬಡಿದರೆ ನಿಮ್ಮ ಬ್ರೇಕ್ ಈಗಲೇ ಟೈರಿಗಿಂತ ಬಲವಾಗಿದೆ. ಆಮೇಲೆ ನಿಲ್ಲುವ ದೂರ ಕಡಿಮೆ ಮಾಡುವುದು ಟೈರ್. ಅದೇ ರಿಮ್ಮಿಗೆ ಒಳ್ಳೆ ಹಿಡಿತದ 195/55 ಆರ್15 ಕೂರುತ್ತೆ, ಸುತ್ತಳತೆ ಶೇ. 1.2ರಷ್ಟು ಮಾತ್ರ ಕಮ್ಮಿ. ಲೋಡ್ ಇಂಡೆಕ್ಸ್ (ಟೈರ್ ಹೊರುವ ಭಾರದ ಸಂಖ್ಯೆ) ಕಂಪನಿಯದಕ್ಕಿಂತ ಕಡಿಮೆ ಆಗದಂತೆ ನೋಡಿಕೊಳ್ಳಿ.

ದೊಡ್ಡ ಡಿಸ್ಕಿನ ನಿಜವಾದ ಲಾಭ ಶಾಖ ನುಂಗುವ ಶಕ್ತಿ. ಟ್ರ್ಯಾಕ್‌ಗೆ ಹೋಗುವವರಿಗೆ ಅದು ಬೇಕೇ ಬೇಕು. ನಿಮಗೆ ಮುಂದೆ ಬೇಕೆನಿಸಿದರೆ ಇದೇ ಪ್ಲಾಟ್‌ಫಾರ್ಮಿನ (ಇದೇ ತಳಹದಿಯ) ಬೇರೆ ಕಾರಿನ, ಕಂಪನಿಯದೇ ಆದ ದೊಡ್ಡ ಡಿಸ್ಕ್, ಬ್ರಾಕೆಟ್ ಮೊದಲು ಹುಡುಕಿ. ಕಾಗದದಲ್ಲಿ ಕ್ಯಾಲಿಪರ್ ಆಕಾರ ಕತ್ತರಿಸಿ ರಿಮ್ಮಿನೊಳಗೆ ಇಟ್ಟು, ಸುತ್ತಲೂ 3 ಮಿ.ಮೀ. ಸಂದು ಸಿಗುತ್ತದಾ ನೋಡಿದ ಮೇಲೆ ದುಡ್ಡು ಕೊಡಿ. ತೂತಿನ ಡಿಸ್ಕ್ ಬೇಡ, ಬಿಸಿ-ತಂಪಿನ ಹೊಡೆತಕ್ಕೆ ತೂತಿನ ಅಂಚಿನಿಂದಲೇ ಬಿರುಕು ಏಳುತ್ತೆ. ಸಾದಾ ಅಥವಾ ಗೀರಿನ ಡಿಸ್ಕ್ ಸಾಕು. ಮಾರ್ಪಾಡು ಮಾಡಿದರೆ ವಿಮೆಯವರಿಗೆ ತಿಳಿಸಿ.

ರಾಯಚೂರು_10ಎಂಎಂ:

ಪಿಸ್ಟನ್ ಹಿಂದಕ್ಕೆ ಒತ್ತುವಾಗ ಬ್ಲೀಡ್ ನಿಪ್ಪಲ್‌ಗೆ (ಕ್ಯಾಲಿಪರ್ ಮ್ಯಾಲಿನ ಆಯಿಲ್ ಬಿಡೂ ಸಣ್ಣ ಸ್ಕ್ರೂ) ಪೈಪ್ ಹಚ್ಚಿ, ಅದನ್ನ ಸಡಿಲ ಮಾಡಿ ಹಳೆ ಆಯಿಲ್ ಹೊರಗ ಬಿಡ್ರಿ. ಇಲ್ಲಂದ್ರ ಆ ಹೊಲಸು ಎಬಿಎಸ್ ಘಟಕದ ಕಡಿ ಹೋಗ್ತದ. ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿ ಆಗಲಿಕ್ಕೆ ಬಿಡಬ್ಯಾಡ್ರಿ. ಎಬಿಎಸ್ ಒಳಗ ಗಾಳಿ ಹೊಕ್ಕರ ಸ್ಕ್ಯಾನರ್ ಹಚ್ಚಿ ಪಂಪ್ ಓಡಿಸಿ ತೆಗೀಬೇಕು. ಪೇಂಟ್ ಮ್ಯಾಲೆ ಚೆಲ್ಲಿದರ ತಕ್ಷಣ ನೀರು ಹಾಕ್ರಿ. ಹಿಂದಿನ ಡ್ರಮ್ಮೂ ಬಿಚ್ಚಿ ಅಡ್ಜಸ್ಟರ್ (ಶೂ ಸವೆದಂಗ ಡ್ರಮ್ಮಿನ ಹತ್ರ ತರೂ ಭಾಗ) ಓಡ್ತದೇನು ನೋಡ್ರಿ, ಅದು ಹಿಡಿದರೂ ಪೆಡಲ್ ಉದ್ದ ಹೋಗ್ತದ. ಧೂಳು ಗಾಳಿ ಹೊಡೆದು ಹಾರಿಸಬ್ಯಾಡ್ರಿ, ಬ್ರೇಕ್ ಕ್ಲೀನರ್ ಹಾಕಿ ತೊಳೀರಿ, ಮಾಸ್ಕ್ ಇರಲಿ. ವೀಲ್ ಬೋಲ್ಟ್ 120 ನ್ಯೂಟನ್ ಮೀಟರ್, ಟಾರ್ಕ್ ರೆಂಚ್‌ಲೆ ಎದುರುಬದುರು ಬಿಗೀರಿ. ಬೋಲ್ಟ್ ಬಿಗಿಯೂ ಗಾಳಿ ಗನ್ ಹೊಡೆದು ಬಿಟ್ಟರ ಹಬ್ ತಿಕ್ಕಿದ್ದು ಉಪಯೋಗ ಇಲ್ಲ.

ಗಂಗಾವತಿ_ಪಿಟ್:

ಹೊಸ ಪ್ಯಾಡನ್ನು ಡಿಸ್ಕಿಗೆ ಹೊಂದಿಸಿ ಕೂರಿಸುವ ಕೆಲಸ ಬಿಡಬೇಡಿ. ಮೊದಲು ಪೆಡಲ್ ಗಟ್ಟಿಯಾಗುವವರೆಗೆ ನಿಂತಲ್ಲೇ ತುಳಿಯಿರಿ, ಆಮೇಲೇ ಗೇರ್ ಹಾಕಿ. ಬೆಳಗಿನ ಜಾವ, ಹಿಂದೆ ಯಾರೂ ಇಲ್ಲದ ರಸ್ತೆಯಲ್ಲಿ 60ರಿಂದ 10ಕ್ಕೆ ಮಧ್ಯಮ ಒತ್ತಡದಲ್ಲಿ ಎಂಟು ಸಲ, ಆಮೇಲೆ 80ರಿಂದ 20ಕ್ಕೆ ಸ್ವಲ್ಪ ಜೋರಾಗಿ ಐದು ಸಲ. ನಡುವೆ ಪೂರ್ತಿ ನಿಲ್ಲಬೇಡಿ. ಬಿಸಿ ಪ್ಯಾಡ್ ಒಂದೇ ಕಡೆ ಒತ್ತಿ ಕೂತರೆ ಅಲ್ಲೇ ಮೆತ್ತಿಕೊಂಡು ನಡುಕ ವಾಪಸ್ ಬರುತ್ತೆ. ಮುಗಿದ ಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ, ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಬದಲು ಗೇರ್ ಪಿ (ಪಾರ್ಕ್)ಗೆ ಹಾಕಿ. ಶುರುವಲ್ಲಿ ಸುಟ್ಟ ವಾಸನೆ ಬರುತ್ತೆ, ಅದು ಪ್ಯಾಡಿನ ಅಂಟು ಆವಿಯಾಗುವುದು. ಆ ಹೊತ್ತಲ್ಲಿ ಹಿಡಿತ ತುಸು ಜಾರಿದ ಹಾಗಾಗುತ್ತೆ, ಅದಕ್ಕೇ ಖಾಲಿ ರಸ್ತೆ ಬೇಕು. 100 ಕಿ.ಮೀ. ಓಡಿದ ಮೇಲೆ ವೀಲ್ ಬೋಲ್ಟ್ ಟಾರ್ಕ್ ಇನ್ನೊಮ್ಮೆ ನೋಡಿ, ನಿಪ್ಪಲ್ ಸುತ್ತ ಒದ್ದೆ ಇದೆಯಾ ಕೈಯಾಡಿಸಿ ನೋಡಿ. ಅಲ್ಲಿಯವರೆಗೆ ಬೆಟ್ಟದ ಕಡೆ ಹೋಗಬೇಡಿ.